ಲೋಕ ಕಟ್ಟಿ, ನಕ್ಷೆ ಬರೆದು, ಅದರೊಳಗೇ ಆಡಿ: ಎರಡು ದಿನದ ಕಾರ್ಯಾಗಾರ ನಡೆಸುವ ಬಗೆ

ರಜೆ ಹತ್ತಿರ ಬಂತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಕೇಳಿಬರುತ್ತದೆ. ಗ್ರಂಥಾಲಯ ನೋಡಿಕೊಳ್ಳುವವರು ಕೇಳುತ್ತಾರೆ, ಡ್ರಾಯಿಂಗ್ ಮೇಷ್ಟ್ರು ಕೇಳುತ್ತಾರೆ, ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುವವರು ಕೇಳುತ್ತಾರೆ. "ಕಲ್ಪನೆಯ ಲೋಕ ಕಟ್ಟಿ, ಅದರ ನಕ್ಷೆ ಬರೆದು, ಅದರಲ್ಲೇ ಆಟ ಆಡಿಸುತ್ತೀರಲ್ಲ, ಅದನ್ನ ನಾವೂ ಮಾಡಬಹುದಾ? ಚಿತ್ರ ಬರದವರಿಗೂ ಆಗುತ್ತಾ? ದುಬಾರಿ ಪುಸ್ತಕ, ದಾಳ ಎಲ್ಲ ತರಿಸಬೇಕಾ?"

ಮಾಡಬಹುದು. ಚಿತ್ರ ಬರದವರಿಗೂ ಆಗುತ್ತದೆ. ದುಬಾರಿ ಸಾಮಾನು ಏನೂ ಬೇಡ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ನಾಲ್ಕೈದು ಜನ ಸುತ್ತ ಕೂತು ಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವ ಆಟ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಒಬ್ಬರು ಮಾತ್ರ ಲೋಕವನ್ನು ವಿವರಿಸುತ್ತಾರೆ, ಉಳಿದವರಿಗೆ "ನೀವು ಈಗ ಏನು ಮಾಡುತ್ತೀರಿ?" ಅಂತ ಕೇಳುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ನಾನು ಸೂತ್ರಧಾರ ಅನ್ನುತ್ತೇನೆ. ಫಲಿತಾಂಶ ಅನುಮಾನ ಇರುವ ಕಡೆ ದಾಳ ಹಾಕುತ್ತಾರೆ. ತಾಳಮದ್ದಲೆ ನೋಡಿದವರಿಗೆ ಇದು ತೀರಾ ಹೊಸದು ಅನ್ನಿಸುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಮಾತು ಆಗಲೇ ಹುಟ್ಟುತ್ತದೆ. ಈಗಿನ ರೂಪದ ಆಟ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂಲಕ.

ಒಂದು ವಿಷಯ ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾವು ನಕ್ಷೆ ಬರೆಯುವುದು ಆಡುವುದಕ್ಕೆ. ಅದಕ್ಕೇ ಅದರಲ್ಲಿ ಖಾಲಿ ಜಾಗ ಬೇಕು. ಎಲ್ಲವನ್ನೂ ತುಂಬಿದ ನಕ್ಷೆ ನೋಡೋಕೆ ಚೆನ್ನಾಗಿರುತ್ತದೆ, ಆದರೆ ಆಡುವವರಿಗೆ ಅದರಲ್ಲಿ ಮಾಡೋಕೆ ಏನೂ ಉಳಿದಿರುವುದಿಲ್ಲ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತದೆ.

1. ಜನ, ಜಾಗ, ಹೊತ್ತು

ಹನ್ನೆರಡರಿಂದ ಹದಿನಾರು ಜನ ಸಾಕು. ನಾಲ್ಕು ಜನರಿಗೆ ಒಂದು ಮೇಜು. ವಯಸ್ಸು ಹನ್ನೊಂದು ದಾಟಿದ್ದರೆ ಒಳ್ಳೆಯದು. ದೊಡ್ಡವರ ಜೊತೆಗೂ ಇದೇ ಕ್ರಮ ನಡೆಯುತ್ತದೆ. ಎರಡು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ಮೊದಲ ದಿನ ಲೋಕ ಮತ್ತು ನಕ್ಷೆ, ಎರಡನೇ ದಿನ ಪಾತ್ರ ಮತ್ತು ಆಟ.

ಜಾಗಕ್ಕೆ ಶಾಲೆಯ ಕೊಠಡಿ ಆದೀತು, ನಿಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರವೂ ಆದೀತು. ಮೇಜು ಇಲ್ಲದಿದ್ದರೆ ಜಮಖಾನ ಹಾಸಿ ನೆಲದ ಮೇಲೆ ಕೂರಿಸಿ. ದೊಡ್ಡ ಹಾಳೆಗೆ ನೆಲವೇ ವಾಸಿ. ಫ್ಯಾನು ಮಾತ್ರ ಹಾಳೆಗಳ ನೇರಕ್ಕೆ ಇರಬಾರದು.

ಪ್ರತಿ ಮೇಜಿಗೂ ಒಬ್ಬ ಸೂತ್ರಧಾರ ಬೇಕು. ಅನುಭವ ಇರುವವರೇ ಆಗಬೇಕೆಂದಿಲ್ಲ. ಕಾರ್ಯಾಗಾರಕ್ಕೆ ಒಂದು ವಾರ ಮುಂಚೆ ಅವರನ್ನೆಲ್ಲ ಕೂರಿಸಿ ನೀವೇ ಒಂದು ಆಟ ಆಡಿಸಿ. ಇದನ್ನು ಬಿಟ್ಟರೆ ಎರಡನೇ ದಿನ ಮಧ್ಯಾಹ್ನ ಎಲ್ಲಾ ಮೇಜಿನವರೂ ನಿಮ್ಮನ್ನೇ ಕೂಗುತ್ತಾರೆ.

2. ಸಾಮಾನು

ಸ್ಟೇಷನರಿ ಅಂಗಡಿ ಮತ್ತು ಅಡುಗೆಮನೆ, ಎರಡು ಕಡೆಯಿಂದ ಎಲ್ಲಾ ಸಿಗುತ್ತದೆ.

- ಮೇಜಿಗೆ ಎರಡು ಎ3 ಡ್ರಾಯಿಂಗ್ ಶೀಟ್, ಸ್ವಲ್ಪ ದಪ್ಪನೆಯದು. ತೆಳು ಚಾರ್ಟ್ ಪೇಪರ್ ಒದ್ದೆಯಾದರೆ ಮುದುರಿಕೊಳ್ಳುತ್ತದೆ.
- ತಲೆಗೊಂದು ಎಚ್‌ಬಿ ಪೆನ್ಸಿಲ್, ಒಳ್ಳೆ ರಬ್ಬರ್, ಕಪ್ಪು ಜೆಲ್ ಪೆನ್. ಮೇಜಿಗೆ ಒಂದು ದಪ್ಪ ಮಾರ್ಕರ್, ಒಂದು ಕೆಂಪು ಪೆನ್.
- ಗ್ರಾಫ್ ಹಾಳೆ, ಅಥವಾ ಚಿಕ್ಕ ಮಕ್ಕಳು ಲೆಕ್ಕ ಬರೆಯುವ ಚೌಕುಳಿ ಪುಸ್ತಕ.
- ಒಂದು ಪಾವು ತೊಗರಿಬೇಳೆ. ಯಾಕೆ ಅಂತ ಮುಂದೆ ಹೇಳುತ್ತೇನೆ.
- ಮೇಜಿಗೆ ಎರಡು ಲೂಡೋ ದಾಳ.
- ಚೀಟಿಗಳು, ಒಂದು ಕೆಂಪು ರಟ್ಟಿನ ಕಾರ್ಡ್.

ಈ ಆಟಕ್ಕೆ 4, 6, 8, 10, 12, 20 ಮುಖದ ದಾಳಗಳ ಸೆಟ್ ಸಿಗುತ್ತದೆ. ಇದ್ದರೆ ತನ್ನಿ, ಮಕ್ಕಳಿಗೆ ಕೈಯಲ್ಲಿ ಹಿಡಿಯೋಕೆ ಖುಷಿ. ಇಲ್ಲದಿದ್ದರೆ ಲೂಡೋ ದಾಳ ಸಾಕು. ಅದೂ ಇಲ್ಲವಾ, ಆರು ಮೂಲೆಯ ಪೆನ್ಸಿಲಿನ ಒಂದೊಂದು ಮುಖಕ್ಕೆ 1ರಿಂದ 6 ಬರೆದು ಉರುಳಿಸಿ. ಚೌಕಾಬಾರದ ಕವಡೆ ತರಬಹುದಾ ಅಂತಲೂ ಕೇಳುತ್ತಾರೆ. ತರಬಹುದು, ಆದರೆ ಒಂದು ಎಚ್ಚರ. ನಾಲ್ಕು ಕವಡೆಯಲ್ಲಿ ಎರಡು ಜಾಸ್ತಿ ಬೀಳುತ್ತದೆ, ಚೌಕ (ನಾಲ್ಕು) ಮತ್ತು ಬಾರಾ (ಎಂಟು) ಅಪರೂಪ. ಹಾಗಾಗಿ ಯಾವ ಅಂಕಿ ಬಿದ್ದರೆ ಏನಾಗುತ್ತದೆ ಅಂತ ದಾಳಕ್ಕೆ ಮಾಡಿದ ಪಟ್ಟಿಯನ್ನು ಕವಡೆಗೆ ಹಾಗೇ ಬಳಸಬೇಡಿ. ಅಪರೂಪದ ಸಂಗತಿಗಳನ್ನು ನಾಲ್ಕಕ್ಕೂ ಎಂಟಕ್ಕೂ ಇಡಿ.

ಹಳೇ ಕಾಗದದ ಬಣ್ಣ ಬೇಕು ಅನ್ನುವವರು ಹಿಂದಿನ ಸಂಜೆಯೇ ಚಹಾ ಬಳಿಯಿರಿ. ಗಟ್ಟಿ ಡಿಕಾಕ್ಷನ್, ಹಾಲೂ ಬೇಡ ಸಕ್ಕರೆಯೂ ಬೇಡ. ಸಕ್ಕರೆ ಹಾಕಿದ್ದರೆ ಹಾಳೆ ಅಂಟುತ್ತದೆ, ಇರುವೆ ಬರುತ್ತದೆ. ಅಗಲ ಬ್ರಷ್ಷಿನಲ್ಲಿ ಒಂದೇ ಸಲ ಎಳೆದು, ರಾತ್ರಿ ಒಣಗಿಸಿ, ಬೆಳಿಗ್ಗೆ ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಬರೆದ ಮೇಲೆ ಚಹಾ ಹಚ್ಚೋಕೆ ಹೋಗಲೇಬೇಡಿ. ಜೆಲ್ ಪೆನ್ನಿನ ಮಸಿ ಎಲ್ಲಾ ಕಡೆ ಹರಡಿ ಇಡೀ ದಿನದ ಕೆಲಸ ಹೋಗುತ್ತದೆ.

3. ಮೊದಲ ಅರ್ಧ ಗಂಟೆ: ಒಪ್ಪಂದ

ಪೆನ್ಸಿಲ್ ಮುಟ್ಟುವ ಮುಂಚೆ ಮಾತಾಡಿ. ಈ ಲೋಕ ಯಾವ ಬಗೆಯದ್ದು? ಹೆದರಿಸುವಂಥದ್ದಾ, ನಗಿಸುವಂಥದ್ದಾ, ಪತ್ತೇದಾರಿಯಾ? ಏನು ಇರಬಾರದು? ಆಟಗಾರರು ಇಂಥ ಮಾತುಕತೆಗೆ ಸೆಷನ್ ಝೀರೋ ಅನ್ನುತ್ತಾರೆ, ಅಂದರೆ ಆಟಕ್ಕೆ ಮುಂಚಿನ ಕೂಟ.

ಕೆಂಪು ಕಾರ್ಡನ್ನು ಮೇಜಿನ ನಡುವೆ ಇಡಿ. ಯಾರಿಗಾದರೂ ಯಾವುದಾದರೂ ದೃಶ್ಯ ಕಸಿವಿಸಿ ಆದರೆ ಆ ಕಾರ್ಡ್ ಮುಟ್ಟಬಹುದು. ಮುಟ್ಟಿದ ಕೂಡಲೇ ಆ ದೃಶ್ಯ ಬಿಟ್ಟು ಮುಂದೆ ಹೋಗಬೇಕು. ಯಾಕೆ ಅಂತ ಯಾರೂ ಕೇಳಬಾರದು. ಮಕ್ಕಳು ಇದನ್ನು ಬಳಸುವುದು ಕಡಿಮೆ. ಆದರೆ ಕಾರ್ಡ್ ಅಲ್ಲಿ ಇದೆ ಅನ್ನುವುದೇ ಸುಮ್ಮನೆ ಕೂರುವ ಮಗುವಿಗೆ ದೊಡ್ಡ ಧೈರ್ಯ.

ಇದೇ ಹೊತ್ತಿನಲ್ಲಿ ಇನ್ನೊಂದು ವಿಷಯ ಹೇಳಿಬಿಡಿ. ಜನ ಈಗಲೂ ನಂಬಿ ನಡೆದುಕೊಳ್ಳುವ ದೈವಗಳನ್ನು ಹೊಡೆದು ಸಾಯಿಸುವ ರಾಕ್ಷಸ ಮಾಡಬೇಡಿ. ತುಳುನಾಡಿನ ಪಂಜುರ್ಲಿ, ಗುಳಿಗ ಕಥೆಯ ಸರಕಲ್ಲ, ಒಂದು ಕುಟುಂಬಕ್ಕೆ ಅವು ಮನೆಯ ಹಿರಿಯರಷ್ಟೇ ಹತ್ತಿರ. ಅದೇ ಕೋಣೆಯಲ್ಲಿ ಆ ಮನೆಯ ಮಗು ಕೂತಿರಬಹುದು. ಅಲ್ಲಿಂದ ಕಲಿಯಬೇಕಾದ್ದು ಬೇರೆ ಇದೆ: ಊರಿಗೊಂದು ಕಾವಲು ಶಕ್ತಿ, ಅದಕ್ಕೂ ಊರಿಗೂ ಒಂದು ಮಾತುಕತೆ, ಮಾತು ತಪ್ಪಿದರೆ ಲೆಕ್ಕ ಕೇಳುವುದು. ಈ ಎಳೆಯನ್ನು ಇಟ್ಟುಕೊಂಡು ಹೊಸ ಶಕ್ತಿಯನ್ನು ಹೊಸ ಹೆಸರಲ್ಲಿ ಕಲ್ಪಿಸಿಕೊಳ್ಳಲಿ.

4. ಬೇಳೆ ಚೆಲ್ಲಿ ನೆಲ ಮಾಡಿ

"ನನಗೆ ಚಿತ್ರ ಬರಲ್ಲ" ಅನ್ನುವ ಮಗುವಿನ ಕೈ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಖಾಲಿ ಹಾಳೆ ಹೆದರಿಸುತ್ತದೆ. ಬೇಳೆ ಬಿದ್ದ ಹಾಳೆ ಹೆದರಿಸುವುದಿಲ್ಲ.

ಎ3 ಹಾಳೆಯನ್ನು ನೆಲದ ಮೇಲೆ ಹಾಸಿ. ಒಂದು ಹಿಡಿ ತೊಗರಿಬೇಳೆಯನ್ನು ಗೇಣುದ್ದ ಮೇಲಿಂದ ಬಿಡಿ. ಕಡಲೆಕಾಳು ಬೇಡ, ಅದು ದುಂಡಗೆ, ಉರುಳಿ ಮಂಚದ ಕೆಳಗೆ ಹೋಗುತ್ತದೆ. ಬೇಳೆಗೆ ಒಂದು ಮೈ ಚಪ್ಪಟೆ, ಬಿದ್ದಲ್ಲೇ ಕೂರುತ್ತದೆ. ಈಗ ನೋಡಿ. ನಡುವೆ ಒತ್ತಾಗಿ ಬಿದ್ದ ರಾಶಿ ದೊಡ್ಡ ನೆಲ. ಪಕ್ಕಕ್ಕೆ ಸಿಡಿದ ಐದಾರು ಕಾಳು ದ್ವೀಪಗಳು. ರಾಶಿಯ ನಡುವೆ ಬೋಳಾಗಿ ಉಳಿದ ಜಾಗ ಕೆರೆ ಅಥವಾ ಕೊಲ್ಲಿ. ಬೇಳೆಯ ಅಂಚು ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಬೇಳೆಯನ್ನು ಡಬ್ಬಿಗೆ ಬಾಚಿಕೊಂಡು ಮುಂದಿನ ಮೇಜಿಗೆ ಕೊಡಿ.

ಇಲ್ಲಿ ಆಗುವ ತಪ್ಪು ಒಂದೇ. ಮಕ್ಕಳು ಆತುರದಲ್ಲಿ ರಾಶಿಯ ಸುತ್ತ ಮೊಟ್ಟೆಯಾಕಾರದ ನುಣ್ಣನೆ ಗೆರೆ ಎಳೆದುಬಿಡುತ್ತಾರೆ. ಎರಡು ಕಾಳುಗಳ ಸಂದಿಯಲ್ಲಿ ಪೆನ್ಸಿಲ್ ಒಳಗೆ ಹೋಗಿ ಹೊರಗೆ ಬರಬೇಕು. ಕರಾವಳಿ ಅಂದರೆ ಹಾಗೆ ಹರಕು ಮುರುಕಾಗಿ ಇರಬೇಕು. ಆ ಸಂದಿಗಳಲ್ಲೇ ಬಂದರು ಹುಟ್ಟುವುದು, ಕಳ್ಳಸಾಗಣೆಯ ದೋಣಿ ಅಡಗುವುದು.

5. ಬೆಟ್ಟ, ನೀರು, ಮಳೆ

ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು, ಹಾಗಾಗಿ ನಿಧಾನಿಸಿ.

ಮೊದಲು ಬೆಟ್ಟ. ಆಮೇಲೆ ನದಿ. ತಿರುಗಾ ಮುರುಗಾ ಮಾಡಿದರೆ ನದಿ ಬೆಟ್ಟ ಹತ್ತುತ್ತದೆ. ನದಿಗೆ ಮೂರು ಮಾತು ನೆನಪಿದ್ದರೆ ಸಾಕು: ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ, ಹೊಳೆಗಳು ಕೂಡಿಕೊಳ್ಳುತ್ತವೆ, ಸುಮ್ಮಸುಮ್ಮನೆ ಕವಲೊಡೆಯುವುದಿಲ್ಲ, ಹುಟ್ಟುವಲ್ಲಿ ತೆಳು, ಸಮುದ್ರ ಸೇರುವಲ್ಲಿ ಅಗಲ. ಮಕ್ಕಳು ಸಾಮಾನ್ಯವಾಗಿ ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ಒಂದೇ ಅಗಲದ ನದಿ ಎಳೆಯುತ್ತಾರೆ. ತಪ್ಪು ಅಂತ ಹೇಳಬೇಡಿ. "ನೀರು ಯಾವ ಕಡೆಗೆ ಹೋಗುತ್ತೆ, ಒಂದು ಬಾಣ ಹಾಕು" ಅನ್ನಿ. ಬಾಣ ಹಾಕಲು ಹೊರಟಾಗ ಅವರಿಗೇ ಗೊತ್ತಾಗುತ್ತದೆ.

ನಮ್ಮ ನದಿಗಳನ್ನೇ ಉದಾಹರಣೆ ಕೊಡಿ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ತುಂಗಭದ್ರೆ ಆಗುತ್ತವೆ. ಕಾವೇರಿ ಹುಟ್ಟುವುದು ಪಶ್ಚಿಮದ ಸಮುದ್ರಕ್ಕೆ ಹತ್ತಿರದ ತಲಕಾವೇರಿಯಲ್ಲಿ. ಆದರೆ ಘಟ್ಟ ಆ ಕಡೆಗೆ ಬಿಡುವುದಿಲ್ಲ, ಸುಮಾರು 800 ಕಿಲೋಮೀಟರ್ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಶರಾವತಿ ಪಶ್ಚಿಮಕ್ಕೇ ತಿರುಗಿ, ಜೋಗದಲ್ಲಿ 253 ಮೀಟರ್ ಧುಮುಕುತ್ತದೆ. ಬೆಟ್ಟದ ಗೆರೆ ಎಲ್ಲಿದೆ ಅನ್ನುವುದು ನದಿಯ ಕಥೆಯನ್ನೇ ಬದಲಾಯಿಸುತ್ತದೆ ಅಲ್ವಾ? ಕವಲೊಡೆಯುವುದಿಲ್ಲ ಅಂದೆನಲ್ಲ, ಅದಕ್ಕೂ ವಿನಾಯಿತಿ ಇದೆ. ಸಮುದ್ರದ ಬಾಯಲ್ಲಿ ನದಿ ಹಲವು ಕವಲಾಗಬಹುದು. ಶ್ರೀರಂಗಪಟ್ಟಣದ ಹಾಗೆ ದ್ವೀಪವೊಂದನ್ನು ಬಳಸಿ ಮತ್ತೆ ಕೂಡಿಕೊಳ್ಳಬಹುದು. ಆಟಕ್ಕೆ ಅಂಥ ದ್ವೀಪ ಬಂಗಾರದಂಥ ಜಾಗ. ನಾಲ್ಕೂ ಕಡೆ ನೀರು, ನಡುವೆ ಕೋಟೆ, ಒಳಗೆ ಹೋಗುವುದು ಹೇಗೆ?

ಮಳೆಗೆ ಒಂದೇ ಒಂದು ಬಾಣ. ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಹಾಳೆಯ ಅಂಚಿನಲ್ಲಿ ಗುರುತು ಮಾಡಿ. ಸಮುದ್ರದ ಗಾಳಿ ತಡೆಯುವ ಬೆಟ್ಟದ ಮೈಗೆ ಕಾಡು, ಆಚೆ ಮೈಗೆ ಒಣ ಬಯಲು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಸುತ್ತಮುತ್ತ ಮಳೆ, ಚಳ್ಳಕೆರೆ ಕಡೆ ಅದರ ಹತ್ತನೇ ಒಂದು ಪಾಲೂ ಇಲ್ಲ. ನಡುವೆ ಇರುವುದು ಒಂದು ಬೆಟ್ಟದ ಸಾಲು.

"ಮಾಯಾಲೋಕದಲ್ಲಿ ಇದೆಲ್ಲ ಯಾಕೆ?" ಅಂತ ಒಬ್ಬರಾದರೂ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಮೇಲಕ್ಕೆ ಹರಿಯುವ ನದಿ ಖಂಡಿತ ಇರಲಿ, ಆದರೆ ಒಂದೇ ಇರಲಿ. ಉಳಿದ ನದಿಗಳೆಲ್ಲ ಕೆಳಕ್ಕೆ ಹರಿದಾಗಲೇ ಆ ಒಂದು ನದಿ ನೋಡಿದವರು ಬೆಚ್ಚುತ್ತಾರೆ.

ಕೊನೆಗೆ ಅಳತೆ. ಈ ಆಟಗಳಲ್ಲಿ ಜೇನುಗೂಡಿನಂತೆ ಆರು ಮೂಲೆಯ ಮನೆಗಳ ಹಾಳೆ ಬಳಸುವ ರೂಢಿ ಇದೆ, ಅದಕ್ಕೆ ಹೆಕ್ಸ್ ನಕ್ಷೆ ಅನ್ನುತ್ತಾರೆ. ಒಂದು ಮನೆಗೆ ಆರು ಮೈಲಿ ಅನ್ನುವುದು ಅಲ್ಲಿ ಸಾಮಾನ್ಯ ಲೆಕ್ಕ. ನಮ್ಮಲ್ಲಿ ಹರದಾರಿ ಅಂದರೆ ಸುಮಾರು ಮೂರು ಮೈಲಿ, ಹಾಗಾಗಿ ಒಂದು ಮನೆಗೆ ಎರಡು ಹರದಾರಿ. ನಕ್ಷೆಯ ಮೂಲೆಯಲ್ಲಿ 'ಹರದಾರಿ' ಅಂತ ಬರೆದರೆ ಲೋಕಕ್ಕೆ ಒಂದು ಹಳೆಯ ಧ್ವನಿ ಬರುತ್ತದೆ.

6. ಊರು ಮತ್ತು ಹೆಸರು

ಒಂದು ಹಾಳೆಗೆ ಐದು ಊರು ಸಾಕು. ಊರು ಯಾಕೆ ಅಲ್ಲೇ ಹುಟ್ಟಿತು ಅನ್ನುವುದಕ್ಕೆ ಒಂದು ಕಾರಣ ಬೇಕು: ನದಿ ದಾಟುವ ಜಾಗ, ಕೆರೆ, ಸಂತೆ ಕೂಡುವ ಮೂರುದಾರಿ, ಗಣಿ. ಕಾರಣ ಹೇಳಲಾಗದ ಊರನ್ನು ಅಳಿಸಿ.

ಹೆಸರಿಡಲು ಬಿಟ್ಟರೆ ಮಕ್ಕಳು ತಾವು ನೋಡಿದ ಪರದೆಯಿಂದ ಹೆಸರು ತರುತ್ತಾರೆ. ಎಲ್ಲಾ ಊರೂ ಏನೋ ಒಂದು 'ಲ್ಯಾಂಡ್' ಆಗುತ್ತದೆ. ಬಯ್ಯಬೇಡಿ, ಬದಲಿಗೆ ಬಾಲಗಳ ಪಟ್ಟಿಯೊಂದನ್ನು ಬೋರ್ಡಿನ ಮೇಲೆ ಬರೆಯಿರಿ. ಮಲೆನಾಡಿನ ಕಡೆ ಕೊಪ್ಪ. ಕರಾವಳಿಯಲ್ಲಿ ಬೈಲು, ಅಡ್ಕ. ಬಯಲುಸೀಮೆಯಲ್ಲಿ ಹಳ್ಳಿ, ಕೆರೆ, ಸಂದ್ರ, ದುರ್ಗ. ಉತ್ತರದಲ್ಲಿ ಹಾಳ, ಗೇರಿ, ಕಲ್ಲು. ಈಗ ಊರಿನಲ್ಲಿ ಕಾಣುವ ಅಥವಾ ಕೇಳಿಸುವ ಒಂದು ಸಂಗತಿಯನ್ನು ಮುಂದೆ ಸೇರಿಸಲಿ. ಇಬ್ಬನಿಕೊಪ್ಪ. ಕೂಗುಬೈಲು. ಮೂಗುತಿಕೆರೆ. ಕೂಗುಬೈಲಿನಲ್ಲಿ ಕೂಗುವುದು ಯಾರು ಅಂತ ನಿಮಗೂ ಕೇಳಬೇಕು ಅನ್ನಿಸಿತಲ್ಲ? ಹೆಸರೇ ಅರ್ಧ ಕಥೆ ಹೇಳಿತು. ಉತ್ತರ ಈಗ ಬರೆಯಬೇಡಿ, ಹಾಗೇ ಬಿಡಿ.

7. ಸುದ್ದಿ ಚೀಟಿ

ಇಡೀ ಕಾರ್ಯಾಗಾರದಲ್ಲಿ ನನಗೆ ಬಹಳ ಇಷ್ಟದ ಹೆಜ್ಜೆ. ಲೋಕದ ಇತಿಹಾಸ ಬರೆಸಬೇಡಿ. ರಾಜರ ಪಟ್ಟಿ, ಸಾವಿರ ವರ್ಷದ ಯುದ್ಧ, ಇವನ್ನೆಲ್ಲ ಆಟದಲ್ಲಿ ಯಾರೂ ಕೇಳುವುದಿಲ್ಲ. ಬದಲಿಗೆ ಪ್ರತಿ ಊರಿಗೆ ಒಂದು ಸುದ್ದಿ ಬರೆಸಿ. ಕಟ್ಟೆಯ ಮೇಲೆ ಕೂತವರು ಆಡಿಕೊಳ್ಳುವಂಥದ್ದು. ಎರಡು ಸಾಲು ದಾಟಬಾರದು.

ಮಾದರಿಗೆ ತಲಕಾಡು ಸಾಕು. ನದಿ ದಂಡೆಯಲ್ಲಿ ಮರಳಿನಡಿ ಹೂತ ಗುಡಿಗಳು ಕಣ್ಣೆದುರಿಗೆ ಇವೆ. ಅದಕ್ಕೆ ಜನ ಕಟ್ಟಿದ ಮಾತು, "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ." ಕಾಣುವ ಒಂದು ವಿಚಿತ್ರ, ಅದಕ್ಕೊಂದು ಶಾಪ, ಶಾಪ ಕೊಟ್ಟವಳು ಯಾರು ಅನ್ನುವ ಕುತೂಹಲ. ಇಷ್ಟೇ ಬೇಕಾದ್ದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅನ್ನುವ ಸುದ್ದಿಗೆ ಹೆದರಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದ ಕಾಲವನ್ನೂ ಮಕ್ಕಳಿಗೆ ಹೇಳಿ. ಒಂದು ಸುದ್ದಿ ಇಡೀ ಊರಿನ ನಡವಳಿಕೆ ಬದಲಾಯಿಸಿತ್ತು.

ಚೀಟಿಗಳನ್ನೆಲ್ಲ ಸೂತ್ರಧಾರರಿಗೆ ಕೊಡಿ. ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಸುಳ್ಳು ಅಂತ ಅವರು ಗುಟ್ಟಾಗಿ ಗುರುತು ಹಾಕಿಕೊಳ್ಳಲಿ. ಬರೆದ ಮಗುವಿಗೂ ಹೇಳಬಾರದು.

8. ಮಸಿ ಹಾಕುವುದು

ಮೊದಲ ದಿನದ ಮಧ್ಯಾಹ್ನ ಪೂರ್ತಿ ಇದಕ್ಕೇ. ಕ್ರಮ ಮುಖ್ಯ: ಮೊದಲು ಹೆಸರುಗಳು, ಆಮೇಲೆ ಕರಾವಳಿ ಮತ್ತು ನದಿ, ಆಮೇಲೆ ಬೆಟ್ಟ, ಎಲ್ಲಕ್ಕಿಂತ ಕೊನೆಗೆ ಕಾಡು. ಮರಗಳನ್ನು ಮೊದಲೇ ತುಂಬಿಸಿದರೆ ಹೆಸರಿಗೆ ಜಾಗ ಇರುವುದಿಲ್ಲ.

ಕನ್ನಡದ ಅಕ್ಷರಕ್ಕೆ ಒಂದು ವಿಶೇಷ ಎಚ್ಚರ ಬೇಕು. ಇಂಗ್ಲಿಷ್ ನಕ್ಷೆ ನೋಡಿ ಎರಡು ಗೆರೆ ಎಳೆದು ನಡುವೆ ಬರೆಯಲು ಹೋದರೆ ಒತ್ತಕ್ಷರ ಕೆಳಗೆ ನದಿಗೆ ಬೀಳುತ್ತದೆ, ಗುಡಿಸು ಮೇಲೆ ಬೆಟ್ಟಕ್ಕೆ ತಾಗುತ್ತದೆ. ಅಕ್ಷರದ ಮೈ ಅರ್ಧ ಸೆಂಟಿಮೀಟರ್ ಇದ್ದರೆ ಮೇಲೊಂದು, ಕೆಳಗೊಂದು ಮೂರು ಮಿಲಿಮೀಟರ್ ಬಿಟ್ಟು ನಾಲ್ಕು ತೆಳು ಗೆರೆ ಎಳೆಯಿರಿ. 'ಇಬ್ಬನಿಕೊಪ್ಪ' ಅಂತ ಒಮ್ಮೆ ಬರೆದು ನೋಡಿ, ಎರಡು ಒತ್ತೂ ಎಷ್ಟು ಕೆಳಗೆ ಇಳಿಯುತ್ತವೆ ಗೊತ್ತಾಗುತ್ತದೆ.

ಬೆಟ್ಟ ಅಂದ ಕೂಡಲೇ ಸಮೋಸದ ಸಾಲು ಬರುತ್ತದೆ. ಅದನ್ನು ಬಿಡಿಸುವುದು ಸುಲಭ. ತುದಿಯಿಂದ ಶುರು ಮಾಡಿ. ಎಡಕ್ಕೆ ಒಂದು ನಡುಗುವ ಗೆರೆ ಇಳಿಸಿ, ಬಲಕ್ಕೆ ಇನ್ನೊಂದು, ಎರಡೂ ಒಂದೇ ಉದ್ದ ಬೇಡ. ಈಗ ಅದೇ ತುದಿಯಿಂದ ಬೆಟ್ಟದ ಮೈ ಮೇಲೆ ಮೂರನೇ ಗೆರೆ, ಮಿಂಚಿನ ಹಾಗೆ ಅಂಕುಡೊಂಕಾಗಿ, ಬುಡ ಮುಟ್ಟುವ ಮುಂಚೆ ನಿಲ್ಲಿಸಿ. ಆ ಗೆರೆಯ ಬಲಕ್ಕೆ ಮಾತ್ರ ಓರೆ ಗೀಟುಗಳನ್ನು ಹಾಕಿ. ಅಷ್ಟೇ, ಬೆಟ್ಟಕ್ಕೆ ಬಿಸಿಲು ಬಿತ್ತು. ಹಾಳೆಯ ಎಲ್ಲಾ ಬೆಟ್ಟಕ್ಕೂ ನೆರಳು ಒಂದೇ ಕಡೆ ಇರಲಿ. ಸಾಲು ಬೆಟ್ಟ ಬರೆಯುವಾಗ ಹಾಳೆಯ ಕೆಳಗಿನದನ್ನು ಮೊದಲು ಬರೆದು, ಹಿಂದಿನದನ್ನು ಅದರ ಬೆನ್ನಿಗೆ ತಾಗಿಸಿ ನಿಲ್ಲಿಸಿ. ಉಲ್ಟಾ ಮಾಡಿದರೆ ಗೆರೆಗಳು ಒಂದರ ಮೇಲೊಂದು ಹತ್ತುತ್ತವೆ.

ಅಂಗೈ ಕೆಳಗೆ ಒಂದು ಚೂರು ಕಾಗದ ಇಟ್ಟುಕೊಳ್ಳಲು ಹೇಳಿ, ಎಡಗೈಯಲ್ಲಿ ಬರೆಯುವವರಿಗಂತೂ ಇದು ಬೇಕೇ ಬೇಕು. ಮಸಿ ಪೂರ್ತಿ ಒಣಗದೆ ರಬ್ಬರ್ ಮುಟ್ಟಬಾರದು. ಮತ್ತೆ, ಹಾಳೆಯ ನಾಲ್ಕನೇ ಒಂದು ಪಾಲು ಏನೂ ಬರೆಯದೆ ಬಿಡಬೇಕು. ತುಂಬಿಸುವ ಉತ್ಸಾಹದಲ್ಲಿ ಇದನ್ನು ಮರೆಯುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಪೆನ್ಸಿಲಿನಲ್ಲಿ ಆ ಭಾಗಕ್ಕೆ ಬೇಲಿ ಹಾಕಿಬಿಡಿ.

9. ಪಾತ್ರಗಳು: ಮೊದಲು ನೆರಳು, ಆಮೇಲೆ ಮುಖ

ಎರಡನೇ ದಿನ ಬೆಳಿಗ್ಗೆ. ಮುಖದಿಂದ ಶುರು ಮಾಡಿದರೆ ಮಕ್ಕಳು ಕಣ್ಣು ಬರೆಯುವುದರಲ್ಲೇ ಒಂದು ಗಂಟೆ ಕಳೆಯುತ್ತಾರೆ. ದಪ್ಪ ಮಾರ್ಕರ್ ಕೊಟ್ಟು, ಹತ್ತು ನಿಮಿಷದಲ್ಲಿ ಹತ್ತು ಕಪ್ಪು ನೆರಳು ಬರೆಯಲು ಹೇಳಿ. ದುಂಡು, ಚೌಕ, ತ್ರಿಕೋನ, ಈ ಮೂರರಲ್ಲಿ ಒಂದರಿಂದ ಶುರು. ದುಂಡು ನೆರಳು ಸ್ನೇಹ ತೋರಿಸುತ್ತದೆ, ಚೌಕ ಅಲುಗಾಡದವರು, ತ್ರಿಕೋನ ಚುರುಕು ಅಥವಾ ಅಪಾಯ. ಕೋಣೆಯ ಆ ಮೂಲೆಯಿಂದ ನೋಡಿದರೂ ಗುರುತು ಸಿಗುವ ನೆರಳನ್ನು ಆರಿಸಿಕೊಳ್ಳಿ. ಆಮೇಲೆ ಅಳತೆ: ದೊಡ್ಡವರ ಎತ್ತರ ತಲೆಯ ಏಳೂವರೆ ಪಟ್ಟು, ಚಿಕ್ಕವರದು ಐದಾರು ಪಟ್ಟು. ಚಿತ್ರದ ಪಕ್ಕ ಹೆಸರು, ಕೈಯಲ್ಲಿರುವ ಮೂರು ವಸ್ತು, ಒಂದು ಹೆದರಿಕೆ. ಹೆದರಿಕೆ ಬರೆಯದ ಪಾತ್ರ ಆಟದಲ್ಲಿ ಬೇಗ ಸಪ್ಪೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಗ್ಲಿಷ್ ಆಟಗಳಲ್ಲಿ ಕುಳ್ಳರು, ಎಲ್ಫ್‌ಗಳು, ಓರ್ಕ್‌ಗಳು ಅಂತ ಹುಟ್ಟಿನ ಗುಂಪುಗಳಿರುತ್ತವೆ. ಹಿಂದೆ ಇದಕ್ಕೆ ರೇಸ್ ಅನ್ನುವ ಪದ ಇತ್ತು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ನಿಯಮಗಳಲ್ಲಿ ಅದನ್ನು ಬಿಟ್ಟು ಸ್ಪೀಶೀಸ್ ಅಂತ ಮಾಡಿಕೊಂಡರು. ನಮ್ಮಲ್ಲಿ ಇದನ್ನು 'ಜಾತಿ' ಅಂತ ಅನುವಾದಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಪದ ಬಳಸಲೇಬೇಡಿ. 'ಬಳಗ' ಅನ್ನಿ. ಬರೀ ಪದ ಬದಲಾದರೆ ಸಾಲದು, ಹುಟ್ಟಿನಿಂದಲೇ ಕೆಟ್ಟವರು, ಹುಟ್ಟಿನಿಂದಲೇ ಪೆದ್ದರು ಅನ್ನುವ ಬಳಗ ನಿಮ್ಮ ಮೇಜಿನಲ್ಲಿ ಹುಟ್ಟಲು ಬಿಡಬೇಡಿ. ಒಂದು ಬಳಗ ಊರ ಹೊರಗೆ ಇದೆ ಅಂತ ಮಗು ಬರೆದರೆ, "ಯಾರು ಹೊರಗಿಟ್ಟರು? ಯಾಕೆ?" ಅಂತ ಕೇಳಿ. ಕೆಟ್ಟವರು ಕಥೆಗೆ ಬೇಕು, ಆದರೆ ಅವರು ಮಾಡಿದ ಕೆಲಸದಿಂದ ಕೆಟ್ಟವರಾಗಲಿ.

10. ಒಳನಕ್ಷೆ

ಒಳನಕ್ಷೆ ಅಂದರೆ ಡಂಜನ್‌ನ ನಕ್ಷೆ. ಡಂಜನ್ ಅಂದರೆ ಇಂಗ್ಲಿಷಿನಲ್ಲಿ ಕೋಟೆಯ ಸೆರೆಮನೆ. ಆಟದಲ್ಲಿ ಒಳಗೆ ಹೊಕ್ಕು ಹುಡುಕುವ ಯಾವ ಜಾಗಕ್ಕೂ ಅದೇ ಹೆಸರು: ಗುಹೆ, ಹಾಳುಗುಡಿ, ನೆಲಮಾಳಿಗೆ. ಲಕ್ಕುಂಡಿಯ ಮುಸುಕಿನ ಬಾವಿಯ ಹಾಗೆ ಮೆಟ್ಟಿಲಿಳಿದು ಕೆಳಕ್ಕೆ ಹೋಗುವ ಕೊಳ ಸಿಕ್ಕರೆ ಇನ್ನೂ ಚೆಂದ.

ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಐದು ಅಡಿ, ಇದು ಆಟದ ರೂಢಿ. ಐದಾರು ಕೋಣೆ ಸಾಕು. ಕೋಣೆಗಳನ್ನು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಇಟ್ಟರೆ ಆಡುವವರಿಗೆ ಆಯ್ಕೆಯೇ ಇರುವುದಿಲ್ಲ. ದಾರಿ ಎಲ್ಲಾದರೂ ಸುತ್ತಿ ಬಂದು ಕೂಡಬೇಕು, ಒಳಗೆ ಹೋಗಲು ಎರಡನೇ ದಾರಿ ಇರಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೆನಪಿಸಿ. ಅಷ್ಟು ಗೋಡೆ, ಅಷ್ಟು ಬಾಗಿಲು, ಆದರೂ ಕಥೆ ನಡೆದದ್ದು ಒಬ್ಬರು ಮಾತ್ರ ನುಸುಳುವ ಕಿಂಡಿಯಲ್ಲಿ. ಪ್ರತಿ ಒಳನಕ್ಷೆಗೂ ಒಂದು ಕಿಂಡಿ ಇಡಿಸಿ.

11. ಆಟ, ಆದರೆ ನಕ್ಷೆ ಬದಲಾಯಿಸಿ

ಊಟದ ನಂತರ ಪ್ರತಿ ಮೇಜಿನ ನಕ್ಷೆಯನ್ನೂ ಸುದ್ದಿ ಚೀಟಿಗಳನ್ನೂ ಪಕ್ಕದ ಮೇಜಿಗೆ ಕೊಡಿ. ಮಕ್ಕಳು ಮೊದಲು ಒಪ್ಪುವುದಿಲ್ಲ. ತಾವು ಮಾಡಿದ್ದು ಬೇರೆಯವರ ಕೈಗೆ ಹೋಗುತ್ತದಲ್ಲ ಅನ್ನುವ ಸಂಕಟ. ಆದರೂ ಮಾಡಿ. ತಮ್ಮದೇ ಲೋಕದಲ್ಲಿ ಆಡಿದರೆ ಎಲ್ಲರಿಗೂ ಎಲ್ಲಾ ಗೊತ್ತು, ಹುಡುಕಲು ಏನೂ ಇಲ್ಲ.

ನಿಯಮ ಒಂದೇ ಚೀಟಿಯಲ್ಲಿ ಹಿಡಿಯುತ್ತದೆ. ಅನುಮಾನ ಇರುವ ಕೆಲಸಕ್ಕೆ ಎರಡು ದಾಳ ಹಾಕಿ ಕೂಡಿ. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಗುತ್ತದೆ. 7ರಿಂದ 9 ಬಂದರೆ ಆಗುತ್ತದೆ, ಆದರೆ ಏನಾದರೂ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಸೂತ್ರಧಾರ ಹೊಸ ತೊಂದರೆ ತರುತ್ತಾರೆ. ಎರಡು ದಾಳ ಬೀಳುವ 36 ಬಗೆಯಲ್ಲಿ 6 ಸಲ ಪೂರ್ತಿ ಗೆಲುವು, 15 ಸಲ ಬೆಲೆ ತೆತ್ತ ಗೆಲುವು, 15 ಸಲ ತೊಂದರೆ. ಪಾತ್ರದ ಮೂರು ವಸ್ತುಗಳಲ್ಲಿ ಒಂದನ್ನು ಜಾಣತನದಿಂದ ಬಳಸಿದರೆ ಒಂದು ಅಂಕ ಸೇರಿಸಿ. ಆಗ ಲೆಕ್ಕ 10, 16, 10 ಆಗುತ್ತದೆ. ಒಂದೇ ಅಂಕಕ್ಕೆ ಎಷ್ಟು ವ್ಯತ್ಯಾಸ ನೋಡಿ. ಇದೇ ಕಾರಣಕ್ಕೆ ಅಂಕವನ್ನು ಧಾರಾಳವಾಗಿ ಹಂಚಬೇಡಿ.

ಇದನ್ನು ದಾಟಿ ಮುಂದೆ ಹೋಗಬೇಕು ಅನ್ನುವವರಿಗೆ ಒಂದು ಮಾಹಿತಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಬುನಾದಿ ನಿಯಮಗಳ ಕಡತವನ್ನು (ಎಸ್‌ಆರ್‌ಡಿ 5.1) 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೆ ತಂದು ಹಂಚಬಹುದು. ಯಾರಾದರೂ ಕೈ ಹಾಕಿದರೆ ನನಗೆ ತುಂಬಾ ಸಂತೋಷ.

ಸೂತ್ರಧಾರರಿಗೆ ಎರಡು ಎಚ್ಚರ. ಕಥೆಯನ್ನು ಮೊದಲೇ ಪೂರ್ತಿ ಬರೆದುಕೊಂಡು ಓದಬೇಡಿ. ಮೂರು ನಿಮಿಷ ಮಾತಾಡಿದಿರಿ ಅಂದರೆ ನಿಲ್ಲಿಸಿ, ಪ್ರಶ್ನೆ ಕೇಳಿ. ಜೋರಾಗಿ ಮಾತಾಡುವ ಒಬ್ಬರೇ ಆಟ ನಡೆಸಲು ಬಿಡಬೇಡಿ. "ನೀನು ಏನು ಮಾಡ್ತೀಯಮ್ಮ?" ಅಂತ ಸುಮ್ಮನಿರುವ ಮಗುವನ್ನು ಹೆಸರು ಹಿಡಿದು ಕೇಳಿ, ಉತ್ತರಕ್ಕೆ ಕಾಯಿರಿ.

ಆಡುವವರು ನಕ್ಷೆಯ ಖಾಲಿ ಭಾಗಕ್ಕೆ ಕಾಲಿಟ್ಟಾಗ ಏನು ಮಾಡಬೇಕು? ಸೂತ್ರಧಾರ ಹೇಳಬಾರದು. ಕೆಂಪು ಪೆನ್ನನ್ನು ಆಟಗಾರರ ಕೈಗೆ ಕೊಟ್ಟು, "ಬೆಟ್ಟ ಹತ್ತಿದಿರಿ, ಆಚೆಗೆ ಏನು ಕಾಣುತ್ತೆ? ನೀವೇ ಬರೆಯಿರಿ" ಅನ್ನಬೇಕು. ಬೇರೆಯವರ ಕಪ್ಪು ನಕ್ಷೆಯ ಮೇಲೆ ಇವರ ಕೆಂಪು ಗೆರೆ ಕೂಡಿಕೊಳ್ಳುತ್ತದೆ.

ಆಟ ಒಂದೂವರೆ ಗಂಟೆಗೆ ನಿಲ್ಲಿಸಿ. ನಕ್ಷೆಗಳು ಮೊದಲಿನ ಮೇಜಿಗೆ ವಾಪಸ್ ಹೋಗಲಿ, ತಮ್ಮ ಊರಿನಲ್ಲಿ ಏನಾಯಿತು ಅಂತ ಆಡಿದವರೇ ಬಂದು ಹೇಳಲಿ. ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ, ಸಾಲುವುದಿಲ್ಲ. ಫೋಟೋ ತೆಗೆದು ಹಂಚುವ ಮುಂಚೆ ಮಗುವನ್ನೂ ಮನೆಯವರನ್ನೂ ಕೇಳಿ. ಹಾಳೆಯನ್ನು ಮಡಿಸಬೇಡಿ, ಸುರುಳಿ ಸುತ್ತಿ ಹಳೇ ಕ್ಯಾಲೆಂಡರಿನ ಹಾಗೆ ದಾರ ಕಟ್ಟಿ ಕೊಡಿ. ಕೂಗುಬೈಲಿನಲ್ಲಿ ಕೂಗುತ್ತಿದ್ದದ್ದು ಯಾರು ಅಂತ ಇನ್ನೂ ಗೊತ್ತಾಗಿಲ್ಲದಿದ್ದರೆ, ಮುಂದಿನ ಭಾನುವಾರಕ್ಕೆ ಅದೇ ಜಾಗ ಕಾದಿರಿಸಿ.